ಅರ್ಧ ಚೀಲ ಗಾಳಿಗೆ, ನೀರಿಗೆ: ಯೂರಿಯಾ ಸೋರಿಕೆ ತಡೆಗೆ ಹಸಿರು ರಸಾಯನ

ಬೆಂಗಳೂರು: 2008ರ ಜೂನ್ 10. ಮುಂಗಾರು ಬಿತ್ತನೆಯ ಹೊತ್ತಿಗೆ ರಸಗೊಬ್ಬರ ಸಿಗದೆ ಕೆರಳಿದ ರೈತರು ಹಾವೇರಿಯಲ್ಲಿ ಬೀದಿಗಿಳಿದಿದ್ದರು. ಪೊಲೀಸರು ಹಾರಿಸಿದ ಗುಂಡಿಗೆ ಇಬ್ಬರು ರೈತರು ಬಲಿಯಾದರು. ಹದಿನೇಳು ವರ್ಷಗಳ ನಂತರ, 2025ರ ಜುಲೈನಲ್ಲಿ, ರಾಜ್ಯದ ಹಲವು ಜಿಲ್ಲೆಗಳಲ್ಲಿ ಮತ್ತೆ ಅದೇ ಸಾಲು. ಈ ಬಾರಿ ಯೂರಿಯಾಕ್ಕಾಗಿ. ಕೇಂದ್ರದಿಂದ ಬರಬೇಕಾದ ಪಾಲು ಬಂದಿಲ್ಲ ಎಂದು ರಾಜ್ಯ ಸರ್ಕಾರ ದೂರಿದರೆ, ಕೊರತೆಯಾಗದಷ್ಟು ಪೂರೈಸಿದ್ದೇವೆ ಎಂದು ಕೇಂದ್ರ ಹೇಳಿತು.

ಪೂರೈಕೆಯ ಈ ವಾಗ್ವಾದದಲ್ಲಿ ಒಂದು ಪ್ರಶ್ನೆ ಮಾತ್ರ ಕೇಳಿಬರಲೇ ಇಲ್ಲ. ಸರದಿಯಲ್ಲಿ ನಿಂತು, ಅಂಗಡಿಯವನ ಮರ್ಜಿ ಕಾದು ತಂದ ಆ ಒಂದು ಚೀಲದಲ್ಲಿ ಬೆಳೆಯ ಬಾಯಿಗೆ ಬೀಳುವುದೆಷ್ಟು?

ಉತ್ತರ ಸಮಾಧಾನಕರವಲ್ಲ. 45 ಕಿಲೋ ತೂಕದ ಯೂರಿಯಾ ಚೀಲದಲ್ಲಿ ಇರುವುದು ಶೇ 46ರಷ್ಟು, ಎಂದರೆ 20.7 ಕಿಲೋ ಸಾರಜನಕ. ಅಮೆರಿಕದ ಒಕ್ಲಹಾಮ ರಾಜ್ಯ ವಿಶ್ವವಿದ್ಯಾಲಯದ ವಿಲಿಯಂ ರಾನ್ ಮತ್ತು ಗಾರ್ಡನ್ ಜಾನ್ಸನ್ 1999ರಲ್ಲಿ ಮಾಡಿದ ಅಂದಾಜಿನಂತೆ, ಜಗತ್ತಿನ ಏಕದಳ ಧಾನ್ಯದ ಬೆಳೆಗಳಿಗೆ ಹಾಕುವ ಸಾರಜನಕದಲ್ಲಿ ಕಾಳಿಗೆ ಸೇರುವುದು ಕೇವಲ ಶೇ 33. ನೀರು ನಿಲ್ಲಿಸಿದ ಭತ್ತದ ಗದ್ದೆಯಲ್ಲಿ ಬೆಳೆ ಹೀರಿಕೊಳ್ಳುವ ಪಾಲು ಸಾಮಾನ್ಯವಾಗಿ ಶೇ 30ರಿಂದ 40. ಈ ಲೆಕ್ಕ ಹಿಡಿದರೆ ಚೀಲದ 20 ಕಿಲೋದಲ್ಲಿ ಬೆಳೆಗೆ ದಕ್ಕುವುದು ಏಳೆಂಟು ಕಿಲೋ. ಉಳಿದದ್ದರಲ್ಲಿ ಸ್ವಲ್ಪ ಮಣ್ಣಿನಲ್ಲಿ ಉಳಿಯುತ್ತದೆ. ಹೆಚ್ಚಿನದು ಗಾಳಿಗೆ ಮತ್ತು ನೀರಿಗೆ.

ಒಡಕು ಕೊಡಕ್ಕೆ ಎಷ್ಟು ನೀರು ಹೊಯ್ದರೇನು? ಇನ್ನಷ್ಟು ನೀರು ತರುವುದಕ್ಕಿಂತ ಕೊಡದ ಒಡಕನ್ನು ಮುಚ್ಚುವುದೇ ಲೇಸು ಎಂಬ ವಿಚಾರದ ಮೇಲೆ ನಿಂತಿರುವುದು ಹಸಿರು ರಸಾಯನ ವಿಜ್ಞಾನ. ಸಾರಜನಕ ಗೊಬ್ಬರದ ಕ್ಷೇತ್ರದಲ್ಲಿ ಈ ವಿಜ್ಞಾನ ಎಲ್ಲಿಯವರೆಗೆ ಬಂದಿದೆ, ಯಾವುದು ಫಲ ಕೊಟ್ಟಿದೆ, ಯಾವುದು ಬರೀ ಪ್ರಚಾರ ಎಂಬುದನ್ನು ಪರಿಶೀಲಿಸಬೇಕಾದ ಕಾಲವಿದು.

ಗಾಳಿಯಿಂದ ಅನ್ನ

ವಾತಾವರಣದ ಶೇ 78 ಭಾಗ ಸಾರಜನಕವೇ. ಆದರೆ ಅದರ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುವ ಕಾರಣ ಗಿಡಗಳು ಅದನ್ನು ನೇರವಾಗಿ ಬಳಸಲಾರವು. ಆ ಗಂಟನ್ನು ಬಿಚ್ಚುವ ಕೆಲಸ ಹಿಂದೆ ಮುಖ್ಯವಾಗಿ ಮಣ್ಣಿನ ಹಾಗೂ ದ್ವಿದಳ ಬೆಳೆಗಳ ಬೇರುಗಂಟುಗಳ ಬ್ಯಾಕ್ಟೀರಿಯಾಗಳದ್ದಾಗಿತ್ತು.

1909ರಲ್ಲಿ ಜರ್ಮನಿಯ ಫ್ರಿಟ್ಸ್ ಹಾಬರ್ ಸಾರಜನಕ ಮತ್ತು ಜಲಜನಕಗಳನ್ನು ಅಧಿಕ ಒತ್ತಡದಲ್ಲಿ ಕೂಡಿಸಿ ಅಮೋನಿಯಾ ತಯಾರಿಸಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದರು. 1913ರಲ್ಲಿ ಒಪ್ಪಾವು ಎಂಬಲ್ಲಿ ಮೊದಲ ಕಾರ್ಖಾನೆ ಆರಂಭವಾಯಿತು. ಇಂದು ಜಗತ್ತಿನ ಜನಸಂಖ್ಯೆಯ ಸುಮಾರು ಅರ್ಧದಷ್ಟು ಮಂದಿಯ ಅನ್ನ ಈ ವಿಧಾನವನ್ನು ಅವಲಂಬಿಸಿದೆ ಎಂಬುದು ತಜ್ಞರ ಅಂದಾಜು.

ಆದರೆ ಈ ಅನ್ನಕ್ಕೆ ತೆರುವ ಬೆಲೆಯೂ ದೊಡ್ಡದು. ಕಬ್ಬಿಣದ ವೇಗವರ್ಧಕ, 400ರಿಂದ 500 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ವಾತಾವರಣದ ಇನ್ನೂರು ಪಟ್ಟು ಆಸುಪಾಸಿನ ಒತ್ತಡ. ಬೇಕಾದ ಜಲಜನಕ ಬರುವುದು ಬಹುಪಾಲು ನೈಸರ್ಗಿಕ ಅನಿಲದಿಂದ ಅಥವಾ ಕಲ್ಲಿದ್ದಲಿನಿಂದ. ಜಗತ್ತಿನ ಒಟ್ಟು ಶಕ್ತಿಯ ಶೇ 1ರಿಂದ 2ರಷ್ಟು ಅಮೋನಿಯಾ ತಯಾರಿಕೆಗೇ ವ್ಯಯವಾಗುತ್ತದೆ. ಇಷ್ಟೆಲ್ಲ ಖರ್ಚು ಮಾಡಿ ತಯಾರಿಸಿದ ಸಾರಜನಕದ ದೊಡ್ಡ ಪಾಲು ಹೊಲದಲ್ಲಿ ಸೋರಿಹೋದರೆ, ಅದರೊಂದಿಗೆ ಆ ಶಕ್ತಿಯೂ ಸೋರಿದಂತೆಯೇ.

ಸೋರುವುದು ಎಲ್ಲಿ?

ಯೂರಿಯಾ ನೀರಿನಲ್ಲಿ ಬಲು ಬೇಗ ಕರಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಒಂದು ಕಿಲೋಗೂ ಹೆಚ್ಚು ಯೂರಿಯಾವನ್ನು ಕರಗಿಸಬಲ್ಲದು. ಮಣ್ಣಿಗೆ ಬಿದ್ದ ಕೂಡಲೇ ಅದರ ಪಯಣ ಮೂರು ಹಂತಗಳಲ್ಲಿ ಸಾಗುತ್ತದೆ. ಪ್ರತಿ ಹಂತದಲ್ಲೂ ಒಂದು ಸೋರಿಕೆ ಇದೆ.

ಮೊದಲನೆಯದು, ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಕೆಲವೇ ದಿನಗಳಲ್ಲಿ ಒಡೆಯುತ್ತದೆ. ಆಗ ಅಮೋನಿಯಾ ಮತ್ತು ಇಂಗಾಲದ ಡೈ ಆಕ್ಸೈಡ್ ಉಂಟಾಗುತ್ತವೆ. ಮೇಲುಗೊಬ್ಬರವಾಗಿ ಎರಚಿದ ಯೂರಿಯಾ ಮಣ್ಣಿನ ಮೇಲ್ಪದರದಲ್ಲೇ ಉಳಿದು, ಬಿಸಿಲು ಜೋರಾಗಿದ್ದರೆ, ಅಮೋನಿಯಾ ಆವಿಯಾಗಿ ಹಾರಿಹೋಗುತ್ತದೆ. ಪ್ರತಿಕೂಲ ಸ್ಥಿತಿಯಲ್ಲಿ ಮೂರನೇ ಒಂದು ಭಾಗದವರೆಗೂ ಹೀಗೆ ನಷ್ಟವಾಗಬಹುದು.

ಎರಡನೆಯದು, ಉಳಿದ ಅಮೋನಿಯಂ ಅನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ನಂತರ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಅಮೋನಿಯಂ ಧನ ವಿದ್ಯುದಂಶ ಹೊಂದಿರುವುದರಿಂದ ಜೇಡಿಮಣ್ಣಿನ ಕಣಗಳಿಗೆ ಅಂಟಿಕೊಂಡಿರುತ್ತದೆ. ನೈಟ್ರೇಟ್‌ಗೆ ಆ ಹಿಡಿತವಿಲ್ಲ. ಒಂದು ಜೋರು ಮಳೆ ಬಂದರೆ ಸಾಕು, ಬೇರಿನ ವ್ಯಾಪ್ತಿ ದಾಟಿ ಅಂತರ್ಜಲಕ್ಕೆ ಇಳಿಯುತ್ತದೆ.

ಮೂರನೆಯದು, ನೀರು ನಿಂತು ಗಾಳಿಯಾಡದ ಜಾಗಗಳಲ್ಲಿ ಮತ್ತೊಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೇಟ್ ಅನ್ನು ಪುನಃ ಅನಿಲವಾಗಿಸುತ್ತವೆ. ಇದರಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್. ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವ ಅದರ ಸಾಮರ್ಥ್ಯ ಇಂಗಾಲದ ಡೈ ಆಕ್ಸೈಡ್‌ನ 273 ಪಟ್ಟು. ಸಾಲದೆಂಬಂತೆ ಓಜೋನ್ ಪದರಕ್ಕೂ ಅದು ಹಾನಿಕರ.

ಇಲ್ಲಿರುವ ನಿಜವಾದ ಸಮಸ್ಯೆ ಪ್ರಮಾಣದ್ದಲ್ಲ, ಸಮಯದ್ದು. ಗಿಡಕ್ಕೆ ಹಸಿವು ಹೆಚ್ಚುವುದು ತೆಂಡೆ ಒಡೆಯುವಾಗ, ತೆನೆ ಕಟ್ಟುವಾಗ. ಯೂರಿಯಾ ಕರಗಿ ಮುಗಿಯುವುದು ಅದಕ್ಕಿಂತ ಬಹಳ ಮೊದಲೇ. ಊಟಕ್ಕಿಲ್ಲದ ಉಪ್ಪಿನಕಾಯಿಯಂತೆ, ಹೊತ್ತಿಗೆ ಒದಗದ ಸಾರಜನಕ ಎಷ್ಟಿದ್ದರೂ ವ್ಯರ್ಥ.

ಬೆಲೆ ತೆರುವವರು ಯಾರು?

ಬೇವು ಲೇಪಿತ ಯೂರಿಯಾದ 45 ಕಿಲೋ ಚೀಲಕ್ಕೆ ರೈತ ಕೊಡುವ ನಿಗದಿತ ಬೆಲೆ ರೂ. 266.50. ತಯಾರಿಕೆಯ ಅಥವಾ ಆಮದಿನ ನಿಜವಾದ ವೆಚ್ಚ ಇದರ ಹಲವು ಪಟ್ಟು. ವ್ಯತ್ಯಾಸವನ್ನು ಸರ್ಕಾರ ಭರಿಸುತ್ತದೆ. ಉಕ್ರೇನ್ ಯುದ್ಧದಿಂದ ಅನಿಲದ ಬೆಲೆ ಗಗನಕ್ಕೇರಿದ 2022-23ರಲ್ಲಿ ದೇಶದ ರಸಗೊಬ್ಬರ ಸಬ್ಸಿಡಿ ರೂ. 2.5 ಲಕ್ಷ ಕೋಟಿ ದಾಟಿತ್ತು. ಹೊಲದಲ್ಲಿ ಆವಿಯಾಗುವುದು ತೆರಿಗೆದಾರನ ಹಣವೂ ಹೌದು.

ಇನ್ನೊಂದು ಬೆಲೆ ಕುಡಿಯುವ ನೀರಿನಲ್ಲಿದೆ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವಾರ್ಷಿಕ ಗುಣಮಟ್ಟ ವರದಿಯಲ್ಲಿ ದೇಶದ ಸುಮಾರು ಶೇ 20ರಷ್ಟು ಮಾದರಿಗಳು ಈ ಮಿತಿ ಮೀರಿದ್ದವು. ಕರ್ನಾಟಕದಲ್ಲಿ ಮಿತಿ ಮೀರಿದ ಮಾದರಿಗಳು ಶೇ 48. ರಾಜಸ್ಥಾನದ ನಂತರದ ಸ್ಥಾನ ನಮ್ಮದೇ.

ಇದರ ಹೊಣೆಯನ್ನೆಲ್ಲ ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ. ಊರಿನ ಚರಂಡಿ, ಶೌಚಗುಂಡಿ, ತಿಪ್ಪೆಗಳಿಂದಲೂ ನೈಟ್ರೇಟ್ ಇಳಿಯುತ್ತದೆ. ಆದರೆ ಗೊಬ್ಬರದ ಸೋರಿಕೆಯೂ ದೊಡ್ಡ ಮೂಲವೇ. ನೈಟ್ರೇಟ್ ಹೆಚ್ಚಿದ ನೀರು ಹಸುಳೆಗಳ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಗ್ಗಿಸಿ, ಮೈ ನೀಲಿಗಟ್ಟಿಸುವ ಕಾಯಿಲೆ ತರಬಲ್ಲದು. ಕೊಳವೆಬಾವಿ ನಂಬಿರುವ ನಗರದ ಬಡಾವಣೆಗೂ ಇದು ದೂರದ ಸುದ್ದಿಯಲ್ಲ.

ಹಸಿರು ರಸಾಯನದ ಸೂತ್ರ

ಹಸಿರು ರಸಾಯನ ಎಂದರೆ ಸಾವಯವ ಗೊಬ್ಬರವಲ್ಲ, ರಾಸಾಯನಿಕಗಳ ನಿಷೇಧವೂ ಅಲ್ಲ. ಅಮೆರಿಕದ ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಇದರ 12 ಸೂತ್ರಗಳನ್ನು ಮಂಡಿಸಿದರು. ಮೊದಲನೆಯ ಸೂತ್ರವೇ, ತ್ಯಾಜ್ಯವನ್ನು ಆಮೇಲೆ ಶುಚಿಗೊಳಿಸುವುದಕ್ಕಿಂತ ಅದು ಹುಟ್ಟದಂತೆ ತಡೆಯುವುದು ಮೇಲು ಎನ್ನುತ್ತದೆ. ಕಡಿಮೆ ಶಕ್ತಿ ಬಳಸಬೇಕು, ಅಪಾಯಕಾರಿ ದ್ರಾವಕಗಳನ್ನು ದೂರವಿಡಬೇಕು, ಮತ್ತೆ ಬೆಳೆಯಬಲ್ಲ ಮೂಲಗಳಿಂದ ಕಚ್ಚಾವಸ್ತು ಪಡೆಯಬೇಕು, ಕೆಲಸ ಮುಗಿದ ಮೇಲೆ ವಸ್ತು ನಿರಪಾಯಕಾರಿಯಾಗಿ ಕರಗಿಹೋಗಬೇಕು ಎಂಬುವು ಉಳಿದವುಗಳಲ್ಲಿ ಕೆಲವು.

ಗೊಬ್ಬರಕ್ಕೆ ಈ ಸೂತ್ರಗಳನ್ನು ಅನ್ವಯಿಸಿದಾಗ ಎರಡು ಪರೀಕ್ಷೆಗಳು ಎದುರಾಗುತ್ತವೆ. ಸೋರಿಕೆ ನಿಂತಿತೇ? ಸೋರಿಕೆ ನಿಲ್ಲಿಸಲು ಬಳಸಿದ ವಸ್ತುವೇ ಹೊಸ ಮಾಲಿನ್ಯವಾಗಲಿಲ್ಲವೇ? ಎರಡರಲ್ಲೂ ತೇರ್ಗಡೆಯಾಗುವುದು ಸುಲಭವಲ್ಲ.

ಬೇವಿನ ಪಾಠ

ಭಾರತದ ಮೊದಲ ದೊಡ್ಡ ಪ್ರಯೋಗಕ್ಕೆ ನೆರವಾದದ್ದು ಹಿತ್ತಲ ಗಿಡ. ಬೇವಿನ ಹಿಂಡಿಯೊಂದಿಗೆ ಬೆರೆಸಿದ ಯೂರಿಯಾ ನಿಧಾನವಾಗಿ ನೈಟ್ರೇಟ್ ಆಗುತ್ತದೆ ಎಂಬುದನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲೇ ಅಧ್ಯಯನ ಮಾಡಿದ್ದರು. ಬೇವಿನಲ್ಲಿರುವ ಕಹಿ ಅಂಶಗಳು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಚಟುವಟಿಕೆಯನ್ನು ಕೆಲಕಾಲ ಮಂದಗೊಳಿಸುತ್ತವೆ. ಹಿಂಡಿಯ ಬದಲು ಬೇವಿನ ಎಣ್ಣೆಯ ತೆಳು ಲೇಪ ಬಂದ ಮೇಲೆ ಕಾರ್ಖಾನೆಗಳಿಗೆ ಕೆಲಸ ಹಗುರವಾಯಿತು. ಒಂದು ಟನ್ ಯೂರಿಯಾಕ್ಕೆ ಬೇಕಾಗುವುದು ಅರ್ಧ ಕಿಲೋ ಆಸುಪಾಸಿನ ಎಣ್ಣೆ ಮಾತ್ರ.

2015ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ತಯಾರಾಗುವ ಎಲ್ಲ ಯೂರಿಯಾಕ್ಕೂ ಬೇವಿನ ಲೇಪ ಕಡ್ಡಾಯಗೊಳಿಸಿತು. ರೈತರ ಪಾಲಿನ ಅಗ್ಗದ ಯೂರಿಯಾ ಪ್ಲೈವುಡ್ ಅಂಟು ಮುಂತಾದ ಕೈಗಾರಿಕೆಗಳಿಗೆ ಕಳ್ಳದಾರಿ ಹಿಡಿಯದಂತೆ ತಡೆಯುವುದೂ ಇದರ ಉದ್ದೇಶವಾಗಿತ್ತು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಆರು ರಾಜ್ಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಇಳುವರಿ ಭತ್ತಕ್ಕೆ ಶೇ 5.79, ಮೆಕ್ಕೆಜೋಳಕ್ಕೆ ಶೇ 7.14, ಕಬ್ಬಿಗೆ ಶೇ 17.5ರಷ್ಟು ಹೆಚ್ಚಿತೆಂದು ಕಂಡುಬಂತು.

2018ರಲ್ಲಿ 50 ಕಿಲೋ ಚೀಲವನ್ನು 45 ಕಿಲೋಗೆ ಇಳಿಸಲಾಯಿತು. ರೈತರು ತೂಕಕ್ಕಿಂತ ಚೀಲದ ಲೆಕ್ಕದಲ್ಲಿ ಗೊಬ್ಬರ ಹಾಕುವುದರಿಂದ ಬಳಕೆ ತಾನಾಗಿಯೇ ತಗ್ಗೀತು ಎಂಬ ಎಣಿಕೆ ಇದರ ಹಿಂದಿತ್ತು. ಆದದ್ದೇ ಬೇರೆ. 2015-16ರಲ್ಲಿ 306 ಲಕ್ಷ ಟನ್ ಇದ್ದ ದೇಶದ ಯೂರಿಯಾ ಬಳಕೆ 2023-24ರಲ್ಲಿ 357 ಲಕ್ಷ ಟನ್ ದಾಟಿತು. ಉಳಿತಾಯ ಮಾಡಬಲ್ಲ ಗೊಬ್ಬರ ಬಂದರೂ ಉಳಿತಾಯವಾಗಲಿಲ್ಲ. ಇದಕ್ಕೆ ಕಾರಣ ರಸಾಯನದಲ್ಲಿಲ್ಲ, ಬೆಲೆಯಲ್ಲಿದೆ.

ಕಿಣ್ವಕ್ಕೆ ಕಡಿವಾಣ

ಸೋರಿಕೆಯ ಮೊದಲ ಬಾಗಿಲಾದ ಯೂರಿಯೇಸ್ ಕಿಣ್ವಕ್ಕೆ ವಿಜ್ಞಾನದ ಇತಿಹಾಸದಲ್ಲೇ ವಿಶೇಷ ಸ್ಥಾನವಿದೆ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಎಂಬ ದ್ವಿದಳ ಕಾಳಿನಿಂದ ಇದನ್ನು ಸ್ಫಟಿಕ ರೂಪದಲ್ಲಿ ಬೇರ್ಪಡಿಸಿದರು. ಸ್ಫಟಿಕವಾಗಿ ದೊರೆತ ಮೊದಲ ಕಿಣ್ವ ಇದೇ. 1946ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಈ ಕಿಣ್ವದ ಹೃದಯಭಾಗದಲ್ಲಿ ನಿಕ್ಕಲ್ ಲೋಹವಿದೆ ಎಂಬುದು 1975ರಲ್ಲಿ ತಿಳಿಯಿತು.

ಎನ್‌ಬಿಪಿಟಿ ಎಂಬ ಸಂಯುಕ್ತದ ಯುಕ್ತಿ ಇಲ್ಲೇ ಅಡಗಿದೆ. ಅದು ಮಣ್ಣಿನಲ್ಲಿ ಯೂರಿಯಾವನ್ನು ಹೋಲುವ ರೂಪ ತಳೆದು ನಿಕ್ಕಲ್‌ಗೆ ಅಂಟಿಕೊಳ್ಳುತ್ತದೆ. ಕಿಣ್ವ ಒಂದೆರಡು ವಾರ ಮಂಕಾಗುತ್ತದೆ. ಅಷ್ಟರಲ್ಲಿ ಮಳೆಯೋ ನೀರಾವರಿಯೋ ಯೂರಿಯಾವನ್ನು ಬೇರಿನ ಬಳಿಗೆ ಇಳಿಸಿದರೆ ಆವಿಯಾಗುವ ನಷ್ಟ ಗಣನೀಯವಾಗಿ ತಗ್ಗುತ್ತದೆ.

ಎರಡನೆಯ ಬಾಗಿಲಿಗೆ ನೈಟ್ರಾಪೈರಿನ್, ಡಿಸಿಡಿ, ಡಿಎಂಪಿಪಿ ಮುಂತಾದ ಪ್ರತಿಬಂಧಕಗಳಿವೆ. ಇವು ನೈಟ್ರೇಟ್ ಆಗುವುದನ್ನು ತಡೆಹಿಡಿಯುತ್ತವೆ. ಆದರೆ ಎಚ್ಚರಿಕೆಯ ಪಾಠವೂ ಇಲ್ಲಿದೆ. ನ್ಯೂಜಿಲೆಂಡ್‌ನಲ್ಲಿ ಹಸುಗಳ ಮೂತ್ರದಿಂದ ನೈಟ್ರೇಟ್ ನದಿ ಸೇರದಂತೆ ಹುಲ್ಲುಗಾವಲಿಗೆ ಡಿಸಿಡಿ ಸಿಂಪಡಿಸಲಾಗುತ್ತಿತ್ತು. ಹಾಲಿನ ಉತ್ಪನ್ನಗಳಲ್ಲಿ ಅದರ ಅತ್ಯಲ್ಪ ಅಂಶ ಪತ್ತೆಯಾದ ಸುದ್ದಿ 2013ರ ಜನವರಿಯಲ್ಲಿ ಹೊರಬಿತ್ತು. ಆರೋಗ್ಯಕ್ಕೆ ಅಪಾಯವಿಲ್ಲವೆಂದು ಅಧಿಕಾರಿಗಳು ಹೇಳಿದರೂ, ಹಾಲಿನ ರಫ್ತನ್ನೇ ನಂಬಿದ ದೇಶದಲ್ಲಿ ಮಾರಾಟ ನಿಲ್ಲಿಸದೆ ಬೇರೆ ದಾರಿಯಿರಲಿಲ್ಲ. ಸೋರಿಕೆ ತಡೆಯುವ ವಸ್ತುವೇ ಸೋರಿತ್ತು.

ಇನ್ನೊಂದು ತೊಡಕೂ ಇದೆ. ನೈಟ್ರೇಟ್ ಆಗುವುದನ್ನು ತಡೆದರೆ ಅಮೋನಿಯಂ ಮಣ್ಣಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಕ್ಷಾರಗುಣದ ಮಣ್ಣಿನಲ್ಲಿ ಅದು ಅಮೋನಿಯಾ ಆಗಿ ಹಾರಿಹೋಗುವ ಸಂಭವ ಹೆಚ್ಚು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಿಂದ ಹೊರಟಂತೆ.

ಗಂಧಕದ ಅಂಗಿ, ಪ್ಲಾಸ್ಟಿಕ್ ಅಂಗಿ

ಯೂರಿಯಾದ ಹರಳಿಗೆ ಹೊದಿಕೆ ತೊಡಿಸಿ ನಿಧಾನವಾಗಿ ಕರಗುವಂತೆ ಮಾಡುವುದು ಮತ್ತೊಂದು ಮಾರ್ಗ. ಗಂಧಕ ಲೇಪಿತ ಯೂರಿಯಾವನ್ನು ಪ್ರಧಾನಿ ನರೇಂದ್ರ ಮೋದಿ 2023ರ ಜುಲೈ 27ರಂದು ರಾಜಸ್ಥಾನದ ಸೀಕರ್‌ನಲ್ಲಿ 'ಯೂರಿಯಾ ಗೋಲ್ಡ್' ಹೆಸರಿನಲ್ಲಿ ಬಿಡುಗಡೆ ಮಾಡಿದರು. ಇದರಲ್ಲಿ ಶೇ 37 ಸಾರಜನಕ, ಶೇ 17 ಗಂಧಕ. ಗಂಧಕ ತಾನೂ ಪೋಷಕಾಂಶವಾದ್ದರಿಂದ ಹೊದಿಕೆ ಕಸವಾಗುವುದಿಲ್ಲ. ಶೇಂಗಾ, ಸೂರ್ಯಕಾಂತಿಯಂತಹ ಎಣ್ಣೆಕಾಳು ಬೆಳೆಗಳಿಗೆ ಅದು ಬೇಕೇ ಬೇಕು.

ಆದರೆ ಲೆಕ್ಕ ನೋಡಬೇಕು. 40 ಕಿಲೋ ಚೀಲಕ್ಕೆ ನಿಗದಿಯಾದ ಬೆಲೆ ಹಳೆಯ 45 ಕಿಲೋ ಚೀಲದಷ್ಟೇ. ಇದರಲ್ಲಿ ದೊರೆಯುವ ಸಾರಜನಕ 14.8 ಕಿಲೋ, ಹಳೆಯ ಚೀಲದಲ್ಲಿ 20.7 ಕಿಲೋ. ಸಾರಜನಕದ ಮಟ್ಟಿಗೆ ಎರಡೂ ಸಮನಾಗಬೇಕಾದರೆ ಹೊಸ ಗೊಬ್ಬರ ಶೇ 40ರಷ್ಟು ಹೆಚ್ಚು ದಕ್ಷವಾಗಿರಬೇಕು. ಹೊಲದಲ್ಲಿ ಇದು ಸಾಬೀತಾಗದೆ ರೈತ ಒಪ್ಪುವುದು ಕಷ್ಟ.

ಪಾಲಿಮರ್ ಹೊದಿಕೆ ಇನ್ನೂ ನಿಖರ. ಗುಳಿಗೆ ಎಷ್ಟು ದಿನಗಳಲ್ಲಿ ಖಾಲಿಯಾಗಬೇಕೆಂಬುದನ್ನು ಮೊದಲೇ ನಿಗದಿ ಮಾಡಬಹುದು. ಆದರೆ ಸಾರಜನಕ ಹೊರಬಂದ ಮೇಲೆ ಉಳಿಯುವುದು ಖಾಲಿ ಪ್ಲಾಸ್ಟಿಕ್ ಸಿಪ್ಪೆ. ಜಪಾನಿನ ಭತ್ತದ ಗದ್ದೆಗಳಿಂದ ಹರಿದ ಇಂಥ ಸಿಪ್ಪೆಗಳು ಕಡಲತೀರಗಳಲ್ಲಿ ಕಾಣಿಸಿಕೊಂಡಿವೆ. ಐರೋಪ್ಯ ಒಕ್ಕೂಟ 2019ರ ತನ್ನ ಗೊಬ್ಬರ ನಿಯಮದಲ್ಲಿ, ಹೊದಿಕೆಯ ಪಾಲಿಮರ್‌ಗಳು ಜೈವಿಕವಾಗಿ ಕೊಳೆಯುವಂತಿರಬೇಕು ಎಂಬ ಷರತ್ತನ್ನು 2026ರ ಜುಲೈನಿಂದ ಅನ್ವಯವಾಗುವಂತೆ ವಿಧಿಸಿತು. ಪಿಷ್ಟ, ಲಿಗ್ನಿನ್, ಸಸ್ಯದ ಎಣ್ಣೆ, ಸೀಗಡಿ ಚಿಪ್ಪಿನ ಕೈಟೊಸಾನ್ ಮುಂತಾದವುಗಳಿಂದ ಹೊದಿಕೆ ಮಾಡುವ ಸಂಶೋಧನೆ ಬಿರುಸಾಗಿರುವುದು ಈ ಕಾರಣಕ್ಕೇ. ಅವು ಮಣ್ಣಿನಲ್ಲಿ ಕೊಳೆಯುತ್ತವೆ ನಿಜ. ಆದರೆ ನೀರನ್ನು ಬೇಗ ಒಳಬಿಟ್ಟುಕೊಳ್ಳುವುದು ಅವುಗಳ ದೌರ್ಬಲ್ಯ.

ಅರೆಯುವ ಕಲ್ಲಿನ ವಿಜ್ಞಾನ

ಹೊದಿಕೆಯೇ ಬೇಡ, ಹರಳಿನ ಒಳರಚನೆಯನ್ನೇ ಬದಲಿಸೋಣ ಎಂಬುದು ಇತ್ತೀಚಿನ ಚಿಂತನೆ. ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಯೋನಾಸ್ ಬಲ್ಟ್ರುಸೈಟಿಸ್ ಅವರ ತಂಡ ಯೂರಿಯಾವನ್ನು ಜಿಪ್ಸಂನಂತಹ ಖನಿಜಗಳೊಂದಿಗೆ ಅರೆದು 'ಸಹಸ್ಫಟಿಕ'ಗಳನ್ನು ತಯಾರಿಸಿದೆ. ಕ್ಯಾಲ್ಸಿಯಂ ಸಲ್ಫೇಟ್‌ನ ಒಂದು ಘಟಕದ ಸುತ್ತ ಯೂರಿಯಾದ ನಾಲ್ಕು ಅಣುಗಳು ಕೂಡಿಕೊಂಡು ಹೊಸ ಹರಳಾಗುತ್ತದೆ. ಅದು ಬರೀ ಯೂರಿಯಾಕ್ಕಿಂತ ನಿಧಾನವಾಗಿ ಕರಗುತ್ತದೆ. ಜೊತೆಗೆ ಕ್ಯಾಲ್ಸಿಯಂ, ಗಂಧಕಗಳೂ ಬೆಳೆಗೆ ದೊರೆಯುತ್ತವೆ.

ಈ ವಿಧಾನದ ಸೊಗಸು ಅದರ ಸರಳತೆಯಲ್ಲಿದೆ. ಕುದಿಸುವುದಿಲ್ಲ, ದ್ರಾವಕ ಬಳಸುವುದಿಲ್ಲ. ಒರಳಿನಲ್ಲಿ ಹಿಟ್ಟು ರುಬ್ಬಿದಂತೆ, ಗುಂಡುಗಳಿರುವ ಗಿರಣಿಯಲ್ಲಿ ಎರಡು ಪುಡಿಗಳನ್ನು ಅರೆಯುವುದಷ್ಟೇ. ಅರೆತದ ಬಲವೇ ರಾಸಾಯನಿಕ ಕ್ರಿಯೆಯನ್ನು ನಡೆಸುತ್ತದೆ. ಹೊರಬೀಳುವ ಉಪವಸ್ತು ಜಿಪ್ಸಂನಲ್ಲಿದ್ದ ನೀರು ಮಾತ್ರ. ರಂಜಕದ ಗೊಬ್ಬರ ಕಾರ್ಖಾನೆಗಳ ಆವರಣದಲ್ಲಿ ಗುಡ್ಡಗಳಂತೆ ರಾಶಿ ಬೀಳುವ ಜಿಪ್ಸಂ ಅನ್ನು ಶುದ್ಧೀಕರಿಸಿ ಬಳಸಿದರೆ ಒಂದು ತ್ಯಾಜ್ಯಕ್ಕೂ ದಾರಿಯಾಗಬಹುದು. ಇಟಲಿಯ ಬೊಲೋನ್ಯ ವಿಶ್ವವಿದ್ಯಾಲಯದ ಸಂಶೋಧಕರು ಸತು ಮತ್ತು ಪೊಟ್ಯಾಸಿಯಂ ಲವಣಗಳೊಂದಿಗೆ ಯೂರಿಯಾವನ್ನು ಹೀಗೆಯೇ ಕೂಡಿಸಿದ್ದಾರೆ. ಅಲ್ಲಿ ಸತುವೇ ಯೂರಿಯೇಸ್ ಕಿಣ್ವಕ್ಕೆ ಕಡಿವಾಣ ಹಾಕುತ್ತದೆ.

ನೆರೆಯ ಶ್ರೀಲಂಕಾದಲ್ಲೂ ಗಮನಾರ್ಹ ಪ್ರಯತ್ನ ನಡೆದಿದೆ. ಮೂಳೆ, ಹಲ್ಲುಗಳಲ್ಲಿರುವ ಹೈಡ್ರಾಕ್ಸಿಅಪಟೈಟ್ ಖನಿಜದ ಅತಿಸೂಕ್ಷ್ಮ ಕಣಗಳಿಗೆ ಯೂರಿಯಾವನ್ನು ಅಂಟಿಸಿದ ಗೊಬ್ಬರದ ವಿವರವನ್ನು ಅಲ್ಲಿನ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ನೀರಿನಲ್ಲಿ ಅದು ಸಾರಜನಕ ಬಿಡುವ ವೇಗ ಬರೀ ಯೂರಿಯಾದ ಹನ್ನೆರಡನೇ ಒಂದು ಭಾಗ. ಅರ್ಧದಷ್ಟು ಯೂರಿಯಾದಲ್ಲೇ ಭತ್ತದ ಉತ್ತಮ ಇಳುವರಿ ಸಾಧ್ಯ ಎಂದು ಅವರ ಪ್ರಯೋಗ ಸೂಚಿಸಿತು. ಆದರೆ ಪ್ರಯೋಗಾಲಯದ ಗ್ರಾಂ ಲೆಕ್ಕದಿಂದ ದೇಶದ ಲಕ್ಷ ಟನ್‌ಗಳ ಲೆಕ್ಕಕ್ಕೆ ಏರುವ ದಾರಿ ಇನ್ನೂ ಉದ್ದವಿದೆ.

ಜೋಳದ ಬೇರಿನ ಗುಟ್ಟು

ಪ್ರತಿಬಂಧಕವನ್ನು ಗಿಡವೇ ತಯಾರಿಸಿಕೊಂಡರೆ? ಜಪಾನಿನ ತ್ಸುಕುಬಾದಲ್ಲಿರುವ ಅಂತರರಾಷ್ಟ್ರೀಯ ಕೃಷಿ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಜಿ.ವಿ. ಸುಬ್ಬರಾವ್ ನೇತೃತ್ವದ ತಂಡ ಹಿಡಿದಿರುವುದು ಈ ಎಳೆಯನ್ನು. ಬ್ರಾಕಿಯಾರಿಯ ಎಂಬ ಮೇವಿನ ಹುಲ್ಲಿನ ಬೇರುಗಳು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳನ್ನು ತಡೆಯುವ ರಾಸಾಯನಿಕವನ್ನು ಸ್ರವಿಸುತ್ತವೆ ಎಂಬುದನ್ನು ಈ ತಂಡ 2009ರಲ್ಲಿ ತೋರಿಸಿತು.

ಇದೇ ಗುಣ ಜೋಳದಲ್ಲೂ ಇದೆ. ಅದರ ಬೇರುಗೂದಲುಗಳಿಂದ ಹೊಂಬಣ್ಣದ ಎಣ್ಣೆಯಂತಹ ಹನಿಗಳಾಗಿ ಒಸರುವ ಸೋರ್ಗೊಲಿಯೋನ್ ಎಂಬ ವಸ್ತು ನೈಟ್ರೇಟ್ ಆಗುವುದನ್ನು ನಿಧಾನಗೊಳಿಸುತ್ತದೆ. ವಿಜಯಪುರ, ಕಲಬುರಗಿಯ ಎರೆಭೂಮಿಯಲ್ಲಿ ತಲೆತಲಾಂತರದಿಂದ ಬೆಳೆದು ರೊಟ್ಟಿಯಾಗುತ್ತಿರುವ ಜೋಳದ ಬೇರಿನಲ್ಲಿ ಇಂಥದೊಂದು ರಸಾಯನ ಶಾಲೆ ಇರುವುದು ಅನೇಕರಿಗೆ ಗೊತ್ತಿಲ್ಲ. ತಳಿಯಿಂದ ತಳಿಗೆ ಒಸರುವ ಪ್ರಮಾಣ ಬೇರೆಯಾದ್ದರಿಂದ, ಹೆಚ್ಚು ಒಸರುವ ತಳಿಗಳನ್ನು ಆಯ್ದು ಬೆಳೆಸುವ ಅವಕಾಶವಿದೆ. ಲೈಮಸ್ ಎಂಬ ಕಾಡುಹುಲ್ಲಿನ ವರ್ಣತಂತುವಿನ ತುಂಡನ್ನು ಸಂಕರಣದ ಮೂಲಕ ಗೋಧಿಗೆ ಸೇರಿಸಿ ಇಂಥದೇ ಗುಣದ ಗೋಧಿ ಪಡೆದಿರುವುದಾಗಿ ಇದೇ ತಂಡ 2021ರಲ್ಲಿ ಪ್ರಕಟಿಸಿತು.

ಸೀಸೆಯಲ್ಲಿ ಚೀಲ?

ದೇಶದಲ್ಲಿ ಹೆಚ್ಚು ಸದ್ದು ಮಾಡಿದ್ದು ಮಾತ್ರ ಇವಾವುವೂ ಅಲ್ಲ, ನ್ಯಾನೊ ಯೂರಿಯಾ. ಇಫ್ಕೊ ಸಂಸ್ಥೆ 2021ರಲ್ಲಿ ಹೊರತಂದ ಈ ದ್ರವವನ್ನು ಎಲೆಗಳ ಮೇಲೆ ಸಿಂಪಡಿಸಬೇಕು. 500 ಮಿಲಿಲೀಟರ್‌ನ ಒಂದು ಸೀಸೆ 45 ಕಿಲೋ ಚೀಲಕ್ಕೆ ಸಮ ಎಂಬುದು ಸಂಸ್ಥೆಯ ಪ್ರತಿಪಾದನೆಯಾಗಿತ್ತು. ಮೊದಲ ಉತ್ಪನ್ನದಲ್ಲಿ ಸಾರಜನಕ ಶೇ 4. ಅಂದರೆ ಒಂದು ಸೀಸೆಯಲ್ಲಿ ಸುಮಾರು 20 ಗ್ರಾಂ. ಚೀಲದಲ್ಲಿ ಇರುವುದು 20.7 ಕಿಲೋ. ಸೀಸೆಯ ಕೊನೆಯ ಹನಿಯೂ ಗಿಡಕ್ಕೆ ಸೇರಿತೆಂದುಕೊಂಡರೂ, ಚೀಲದಿಂದ ಬೆಳೆಗೆ ದಕ್ಕುವ ಏಳು ಕಿಲೋಗೆ 20 ಗ್ರಾಂ ಸಮನಾಗುವ ಬಗೆ ಹೇಗೆ?

ಈ ಪ್ರಶ್ನೆಯನ್ನು ಡೆನ್ಮಾರ್ಕ್‌ನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸಂಶೋಧನಾ ಪತ್ರಿಕೆಯಲ್ಲೇ ಎತ್ತಿದರು. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷಗಳ ಪ್ರಯೋಗದಲ್ಲಿ ಸಾರಜನಕ ಗೊಬ್ಬರ ತಗ್ಗಿಸಿ ನ್ಯಾನೊ ಯೂರಿಯಾ ಸಿಂಪಡಿಸಿದಾಗ ಭತ್ತ, ಗೋಧಿ ಇಳುವರಿ ಗಣನೀಯವಾಗಿ ಕುಸಿಯಿತು. ಇಫ್ಕೊ ತನ್ನ ಉತ್ಪನ್ನವನ್ನು ಸಮರ್ಥಿಸಿಕೊಂಡಿದೆ. ನಂತರ ಸಾರಜನಕದ ಪ್ರಮಾಣ ಹೆಚ್ಚಿಸಿದ ರೂಪವನ್ನೂ ತಂದಿದೆ. ಹೆಸರಿನಲ್ಲಿ ಹೊಸ ತಂತ್ರಜ್ಞಾನವಿದ್ದ ಮಾತ್ರಕ್ಕೆ ಕೂಡುವ ಕಳೆಯುವ ಲೆಕ್ಕದಿಂದ ವಿನಾಯಿತಿ ಇಲ್ಲ.

ಕಾರ್ಖಾನೆಯ ಹಸಿರು

ಹೊಲದ ಜೊತೆಗೆ ಕಾರ್ಖಾನೆಯೂ ಬದಲಾಗಬೇಕಿದೆ. ಮಂಗಳೂರಿನ ಪಣಂಬೂರಿನಲ್ಲಿ 1976ರಿಂದ ನಡೆಯುತ್ತಿರುವ ರಾಜ್ಯದ ಏಕೈಕ ಯೂರಿಯಾ ಕಾರ್ಖಾನೆ ದಶಕಗಳ ಕಾಲ ನಾಫ್ತಾ ಉರಿಸುತ್ತಿತ್ತು. ಕೊಚ್ಚಿ-ಮಂಗಳೂರು ಕೊಳವೆ ಮಾರ್ಗದ ಮೂಲಕ ಬಂದ ನೈಸರ್ಗಿಕ ಅನಿಲಕ್ಕೆ ಅದು ಬದಲಾದದ್ದು ಇತ್ತೀಚೆಗೆ. 450 ಕಿ.ಮೀ. ಉದ್ದದ ಆ ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಅನಿಲ ನಾಫ್ತಾಕ್ಕಿಂತ ಶುದ್ಧ. ಆದರೂ ಅದು ನೆಲದಡಿಯ ಇಂಧನವೇ.

ಸೌರ ಮತ್ತು ಪವನ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಪಡೆದ ಜಲಜನಕದಿಂದ 'ಹಸಿರು ಅಮೋನಿಯಾ' ಮಾಡುವುದು ಮುಂದಿನ ಹೆಜ್ಜೆ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ರೂ. 19,744 ಕೋಟಿಯ ರಾಷ್ಟ್ರೀಯ ಹಸಿರು ಜಲಜನಕ ಅಭಿಯಾನದಡಿ, 13 ಗೊಬ್ಬರ ಕಾರ್ಖಾನೆಗಳಿಗೆ ವರ್ಷಕ್ಕೆ 7.24 ಲಕ್ಷ ಟನ್ ಹಸಿರು ಅಮೋನಿಯಾ ಪೂರೈಸಲು 2025ರಲ್ಲಿ ಹರಾಜು ನಡೆಯಿತು.

ಆದರೆ ಯೂರಿಯಾದ ವಿಷಯದಲ್ಲಿ ಒಂದು ವಿಚಿತ್ರ ಗಂಟಿದೆ. ಯೂರಿಯಾ ಮಾಡಲು ಅಮೋನಿಯಾದ ಜೊತೆ ಇಂಗಾಲದ ಡೈ ಆಕ್ಸೈಡ್ ಕೂಡ ಬೇಕು. ನೈಸರ್ಗಿಕ ಅನಿಲ ಬಳಸುವ ಕಾರ್ಖಾನೆಯಲ್ಲಿ ಅದು ಪುಕ್ಕಟೆ ಸಿಗುತ್ತದೆ; ಹಸಿರು ಅಮೋನಿಯಾದ ಜೊತೆ ಬರುವುದಿಲ್ಲ. ಹೀಗಾಗಿ ಹಸಿರು ಅಮೋನಿಯಾ ಡಿಎಪಿ, ಸಂಯುಕ್ತ ಗೊಬ್ಬರಗಳಿಗೆ ಹೊಂದುವಷ್ಟು ಸಲೀಸಾಗಿ ಯೂರಿಯಾಕ್ಕೆ ಹೊಂದದು. ಹೇಗೆ ತಯಾರಿಸಿದರೂ ಯೂರಿಯಾ ಹೊಲದಲ್ಲಿ ಒಡೆದಾಗ ಆ ಇಂಗಾಲ ಮತ್ತೆ ಗಾಳಿಗೆ ಮರಳುತ್ತದೆ. ಎಂದಮೇಲೆ ಅತ್ಯಂತ ಹಸಿರಾದ ಯೂರಿಯಾ ಎಂದರೆ ತಯಾರಿಸುವ ಅಗತ್ಯವೇ ಬೀಳದ ಯೂರಿಯಾ.

ಬೆಲೆ ಎಂಬ ಬೀಗ

ಇಷ್ಟೆಲ್ಲ ದಾರಿಗಳಿದ್ದೂ ಹೊಲದಲ್ಲಿ ಬದಲಾವಣೆ ಕಾಣದಿರುವುದೇಕೆ? 2010ರಲ್ಲಿ ಜಾರಿಗೆ ಬಂದ ಪೋಷಕಾಂಶ ಆಧಾರಿತ ಸಬ್ಸಿಡಿ ಪದ್ಧತಿಯಿಂದ ಯೂರಿಯಾವನ್ನು ಹೊರಗಿಡಲಾಯಿತು. ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ಏರಿತು. ಯೂರಿಯಾ ಅಗ್ಗವಾಗಿಯೇ ಉಳಿಯಿತು. ಸಾರಜನಕ, ರಂಜಕ, ಪೊಟ್ಯಾಷ್‌ಗಳ ಬಳಕೆ ದೇಶದಲ್ಲಿ 4:2:1ರ ಅನುಪಾತದಲ್ಲಿದ್ದರೆ ಲೇಸೆಂಬುದು ವಾಡಿಕೆಯ ಮಾತು. 2022-23ರಲ್ಲಿ ಅದು 11.8:4.6:1 ಇತ್ತು.

ಅಗ್ಗದ ವಸ್ತುವನ್ನು ಮಿತವಾಗಿ ಬಳಸುವುದು ಕಲಿಸಿದರೂ ಬಾರದ ವಿದ್ಯೆ. ಸಹಸ್ಫಟಿಕವೋ ಕೊಳೆಯುವ ಹೊದಿಕೆಯೋ ಚೀಲದ ಬೆಲೆಯನ್ನು ಸ್ವಲ್ಪ ಏರಿಸಿದರೂ ಪಕ್ಕದಲ್ಲೇ ರೂ. 266.50ರ ಚೀಲ ಕಾದಿರುತ್ತದೆ. ಹಾಗೆಂದು ಸಬ್ಸಿಡಿಯನ್ನು ಒಮ್ಮೆಲೇ ಕಿತ್ತುಕೊಂಡರೆ ಸಣ್ಣ ಹಿಡುವಳಿದಾರ ತತ್ತರಿಸುತ್ತಾನೆ. ಚೀಲದ ತೂಕಕ್ಕೆ ಕೊಡುವ ನೆರವನ್ನು, ಬೆಳೆಗೆ ನಿಜವಾಗಿ ತಲುಪುವ ಸಾರಜನಕಕ್ಕೆ ಕೊಡುವಂತೆ ಬದಲಿಸಿದರೆ ಈ ಬಿಕ್ಕಟ್ಟಿಗೆ ದಾರಿ ಸಿಗಬಹುದು. ಅದಕ್ಕೆ ಮೊದಲು ಪ್ರತಿ ಹೊಸ ಗೊಬ್ಬರವೂ ಮಾರಾಟಕ್ಕೆ ಬರುವ ಮುನ್ನ, ತಯಾರಕರ ಹಂಗಿಲ್ಲದ ಕೃಷಿ ವಿಶ್ವವಿದ್ಯಾಲಯಗಳ ತಾಕುಗಳಲ್ಲಿ ಹಲವು ಹಂಗಾಮು ಪರೀಕ್ಷೆಗೊಳಗಾಗಬೇಕು.

ಖರ್ಚಿಲ್ಲದ ಕೆಲವು ಉಪಾಯಗಳು ಈಗಲೇ ಕೈಯಲ್ಲಿವೆ. ಒಮ್ಮೆಲೇ ಸುರಿಯದೆ ಎರಡು ಮೂರು ಕಂತುಗಳಲ್ಲಿ ಹಾಕುವುದು, ಎರಚಿದ ಯೂರಿಯಾವನ್ನು ಮಣ್ಣಿನಲ್ಲಿ ಮುಚ್ಚುವುದು, ಜೋರು ಮಳೆಯ ಮುನ್ಸೂಚನೆ ಇದ್ದಾಗ ತಡೆಯುವುದು, ಎಲೆಯ ಬಣ್ಣದ ಪಟ್ಟಿ ಹಿಡಿದು ನೋಡಿ ಬೆಳೆಗೆ ಬೇಕೆನಿಸಿದಾಗ ಮಾತ್ರ ಕೊಡುವುದು. ಯಾವ ಹೊಸ ರಸಾಯನ ಬಂದರೂ ಇವುಗಳಿಗೆ ಪರ್ಯಾಯವಲ್ಲ.

ಮುಂದಿನ ಮುಂಗಾರಿನಲ್ಲೂ ಮಳೆ ಚೆನ್ನಾಗಿ ಬಿದ್ದರೆ ಮೆಕ್ಕೆಜೋಳದ ಹೊಲಗಳು ಯೂರಿಯಾ ಕೇಳುತ್ತವೆ, ಸಹಕಾರ ಸಂಘಗಳ ಮುಂದೆ ಸಾಲು ಬೆಳೆಯುತ್ತದೆ. ಆ ಸಾಲನ್ನು ಕರಗಿಸಲು ಹಡಗಿನಲ್ಲಿ ಬರುವ ಇನ್ನಷ್ಟು ಚೀಲಗಳನ್ನು ಕಾಯುವುದು ಒಂದು ದಾರಿ. ತಂದ ಚೀಲದಲ್ಲಿ ಸೋರಿಹೋಗುವ ಹದಿಮೂರು ಕಿಲೋದಲ್ಲಿ ನಾಲ್ಕೈದು ಕಿಲೋವನ್ನಾದರೂ ಬೆಳೆಗೆ ಉಳಿಸಿಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಬೇಕಾದ ವಿಜ್ಞಾನ ಬಹುಮಟ್ಟಿಗೆ ಸಿದ್ಧವಿದೆ. ಸಿದ್ಧವಾಗಬೇಕಿರುವುದು ಅದಕ್ಕೆ ತಕ್ಕ ನೀತಿ.